ಧಾಟಿ ಬದಲಾದರೆ ನಿಷ್ಠೆ ಕೆಡುವುದೇ?

ಕಳೆದ ಶ್ರಾವಣ ಮಾಸದ ಪ್ರವಚನ ಮುಗಿದ ಮರುವಾರ, ನಮಗೆ ಬಹುಕಾಲದಿಂದ ಪರಿಚಿತರಾದ ಸದ್ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ತಂದೆಯ ಮುಖದಲ್ಲಿ ಸಿಟ್ಟು, ಮಗನ ಮುಖದಲ್ಲಿ ಮೌನ. ಪರಸ್ಪರ ಮಾತು ನಿಂತು ಎರಡು ತಿಂಗಳಾಗಿತ್ತೆಂದು ತಿಳಿದು ನಮಗೆ ವ್ಯಥೆಯಾಯಿತು. ಆ ಹುಡುಗನನ್ನು ನಾವು ಚಿಕ್ಕಂದಿನಿಂದ ಬಲ್ಲೆವು. ಹತ್ತು ವರ್ಷದವನಿದ್ದಾಗಲೇ ಹಣೆಯ ತುಂಬ ವಿಭೂತಿ ಧರಿಸಿ, ಹಾರ್ಮೋನಿಯಂ ಮುಂದೆ ಕುಳಿತು ವಚನಗಳನ್ನು ಹಾಡುತ್ತಿದ್ದವನು. ಅವನ ಕಂಠವನ್ನು ಕೇಳಿ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾವೇ ಕಂಡಿದ್ದೇವೆ. ಮುಂದೆ ಇಂಜಿನಿಯರಿಂಗ್ ಓದಲು ಪಟ್ಟಣಕ್ಕೆ ಹೋದ, ಗಿಟಾರ್ ಕೊಂಡ, ಗೆಳೆಯರೊಡನೆ ಕೂಡಿ ರಾಕ್ ಸಂಗೀತದ ತಂಡ ಕಟ್ಟಿದ. ಈ ಸಲ ಶ್ರಾವಣದಲ್ಲಿ ಹಾಡಲು ಕರೆದಾಗ, ಗಿಟಾರ್ ನುಡಿಸುತ್ತಲೇ ವಚನ ಹಾಡುವೆನೆಂದ. ತಂದೆ ಆ ಗಿಟಾರನ್ನು ಅಟ್ಟದ ಕೋಣೆಯಲ್ಲಿರಿಸಿ ಬೀಗ ಹಾಕಿದರು.

“ಗುರುಗಳ, ಇವಗ ನೀವರ ಬುದ್ಧಿ ಹೇಳ್ರಿ. ಮೊದಲ ವಚನ ಅಂದ, ಆಮ್ಯಾಲ ಭಾವಗೀತೆ ಅಂದ, ಈಗ ಇದು. ವರ್ಷಕ್ಕೊಂದು ಧಾಟಿ ಬದಲಿಸಾವಗ ನಿಷ್ಠಾ ಅನ್ನೋದು ಎಲ್ಲೈತ್ರಿ?” ಎಂದು ಅವರು ನೊಂದು ನುಡಿದರು. ಹುಡುಗ ತಲೆಯೆತ್ತದೆ ಒಂದೇ ಮಾತು ಹೇಳಿದ: “ಅಜ್ಜಾರ, ಬೀಟಲ್ಸ್ ಅಂತ ಒಂದು ತಂಡ ಇತ್ರಿ. ಎಂಟು ವರ್ಷದಾಗ ಎಂಟು ಸಲ ಧಾಟಿ ಬದಲಿಸಿದ್ರು. ಅವರಿಗೆ ಸಂಗೀತದ ಮ್ಯಾಲ ನಿಷ್ಠಾ ಇರಲಿಲ್ಲ ಅಂತ ಯಾರೂ ಅನ್ನಂಗಿಲ್ಲರಿ.”

ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. “ಆ ಹಾಡುಗಳನ್ನು ವರ್ಷಾನುಕ್ರಮವಾಗಿ ನಮಗೆ ಕೇಳಿಸು, ಆಮೇಲೆ ಮಾತನಾಡೋಣ” ಎಂದೆವು. ಅವನು ಎಂಟು ಸಂಜೆ ತನ್ನ ಮೊಬೈಲು ಹಿಡಿದು ಬಂದು ಕುಳಿತನು. ಸಂಸ್ಕೃತ ಪಾಠಶಾಲೆಯಲ್ಲಿಯೂ ಮಠದ ಭಜನೆಯಲ್ಲಿಯೂ ಪಳಗಿದ ನಮ್ಮ ಕಿವಿಗೆ ಮೊದಲ ದಿನ ಅದೆಲ್ಲ ಗದ್ದಲವೆಂದೇ ತೋರಿತು. ಮೂರನೆಯ ದಿನದಿಂದ ಕಿವಿ ತೆರೆಯಿತು. ಇಷ್ಟು ತಾಳ್ಮೆ ವಹಿಸಲು ನಮಗೆ ಒಂದು ಹಳೆಯ ಋಣವೂ ಕಾರಣವಾಗಿತ್ತು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇವೆ. ಮೊದಲು ಆ ನಾಲ್ವರು ತರುಣರ ಕಥೆ.

ಲಿವರ್‌ಪೂಲ್ ಇಂಗ್ಲೆಂಡಿನ ಒಂದು ಬಂದರು ಪಟ್ಟಣ. 1950ರ ದಶಕದ ಮಧ್ಯಭಾಗದಲ್ಲಿ ಅಲ್ಲಿಯ ಸಾಮಾನ್ಯ ಮನೆತನಗಳ ಹುಡುಗರಲ್ಲಿ ‘ಸ್ಕಿಫಲ್’ ಎಂಬ ಹಾಡಿನ ಹುಚ್ಚು ಹಬ್ಬಿತ್ತು. ಒಂದು ಅಗ್ಗದ ಗಿಟಾರು, ಬಟ್ಟೆ ತಿಕ್ಕುವ ತಗಡಿನ ಹಲಗೆ, ಚಹದ ಪೆಟ್ಟಿಗೆಗೆ ಕೋಲು ಮತ್ತು ಹುರಿ ಕಟ್ಟಿ ಮಾಡಿದ ವಾದ್ಯ, ಇಷ್ಟಿದ್ದರೆ ಮೇಳ ಸಿದ್ಧ. ನಮ್ಮ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳಿಂದಲೇ ಭಜನಾ ಮೇಳ ಕಟ್ಟುವುದಿಲ್ಲವೇ? ಹಾಗೆಯೇ ಅದು. ಅಂಥ ಮೇಳವೊಂದನ್ನು ಜಾನ್ ಲೆನನ್ ಎಂಬ ಹುಡುಗ 1956ರಲ್ಲಿ ಕಟ್ಟಿದ್ದನು. 1957ರ ಜುಲೈ 6ರಂದು ಒಂದು ಚರ್ಚಿನ ಉತ್ಸವದಲ್ಲಿ ಅವನಿಗೆ ಪಾಲ್ ಮೆಕಾರ್ಟ್ನಿಯ ಭೇಟಿಯಾಯಿತು. ಮರುವರ್ಷ ಜಾರ್ಜ್ ಹ್ಯಾರಿಸನ್ ಬಂದು ಸೇರಿದನು. ಪಾಲ್ 1956ರಲ್ಲಿ, ಜಾನ್ 1958ರಲ್ಲಿ ತಂತಮ್ಮ ತಾಯಂದಿರನ್ನು ಕಳೆದುಕೊಂಡಿದ್ದರು. ಹದಿಹರೆಯದಲ್ಲಿ ತಬ್ಬಲಿತನವನ್ನು ಉಂಡ ಈ ಇಬ್ಬರನ್ನೂ ಕೂಡಿಸಿದ್ದು ಸಂಗೀತವೆಂಬುದನ್ನು ಮರೆಯಬಾರದು.

1960ರಿಂದ 1962ರವರೆಗೆ ಅವರು ಜರ್ಮನಿಯ ಹ್ಯಾಂಬರ್ಗ್ ನಗರದ ರಾತ್ರಿ ಕ್ಲಬ್ಬುಗಳಲ್ಲಿ ಪಾಳಿಯ ಮೇಲೆ ಪಾಳಿ ದುಡಿದರು. ಸ್ಥಳ ಪವಿತ್ರವಾಗಿರಲಿಲ್ಲ, ಆದರೆ ದುಡಿಮೆ ಮಾತ್ರ ಕಠಿಣ ತಾಲೀಮೇ ಆಗಿತ್ತು. ರಾತ್ರಿಯೊಂದಕ್ಕೆ ನಾಲ್ಕೈದು ಗಂಟೆಗಳು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಹಾಡಬೇಕು. ಆಗ ಹಾಡುತ್ತಿದ್ದುದು ಬಹುಪಾಲು ಪರರ ಹಾಡುಗಳನ್ನು. ಅದರಲ್ಲಿಯೂ ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಳನ್ನು. ಗುರುವಿನ ಧಾಟಿಯನ್ನು ಯಥಾವತ್ತಾಗಿ ಅನುಕರಿಸುವ ಶಿಷ್ಯಾವಸ್ಥೆ ಇದು. ಮುಂದೆ ಬಂದ ಎಲ್ಲ ಹೊಸತನಕ್ಕೂ ಇದೇ ತಳಪಾಯವಾಯಿತು.

1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಕಂಪನಿ ಇವರ ಹಾಡು ಕೇಳಿ, ಅನಂತರ ಬೇಡವೆಂದು ತಿರಸ್ಕರಿಸಿತು. ಅದೇ ವರ್ಷ ಇನ್ನೊಂದು ಸಂಸ್ಥೆಯ ಜಾರ್ಜ್ ಮಾರ್ಟಿನ್ ಅವರನ್ನು ಸ್ವೀಕರಿಸಿದರು. ಅಗಸ್ಟ್‌ನಲ್ಲಿ ಡ್ರಮ್ಸ್ ನುಡಿಸುವ ರಿಂಗೋ ಸ್ಟಾರ್ ಸೇರಿದನು. ಅಕ್ಟೋಬರ್ 5ರಂದು ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಮಾರ್ಟಿನ್ ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಓದಿದವರು. ಈ ನಾಲ್ವರಲ್ಲಿ ಒಬ್ಬರಿಗೂ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಓದಿದವರು ಓದದವರನ್ನು ಕೀಳಾಗಿ ಕಾಣಲಿಲ್ಲ. ಓದದವರು ಓದಿದವರನ್ನು ಹೀಯಾಳಿಸಲಿಲ್ಲ. ಮುಂದಿನ ಪರಿವರ್ತನೆಗಳಲ್ಲಿ ಬಹುಪಾಲು ಈ ಕೂಡಾವಳಿಯ ಫಲವೆಂದೇ ಹೇಳಬೇಕು.

ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 10 ಹಾಡುಗಳನ್ನು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಮುದ್ರಿಸಿದರು. ಎರಡು ಗಿಟಾರು, ಒಂದು ಬಾಸ್ ಗಿಟಾರು, ಡ್ರಮ್ಸ್, ಕೂಡಿ ಹಾಡುವ ಕಂಠಗಳು. ವಿಷಯ ಪ್ರಾಯದ ಪ್ರೇಮ. ಹುಮ್ಮಸ್ಸಿನ ಹಾಡುಗಳೇ ಹೊರತು ಅವುಗಳಲ್ಲಿ ಆಳವಿಲ್ಲ. ಆದರೆ ಜನ ಮರುಳಾದರು. 1964ರ ಫೆಬ್ರವರಿ 9ರಂದು ಅಮೆರಿಕದ ದೂರದರ್ಶನದಲ್ಲಿ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರೆಂದು ಲೆಕ್ಕವಿದೆ. 1965ರ ಅಗಸ್ಟ್‌ನಲ್ಲಿ ನ್ಯೂಯಾರ್ಕಿನ ಒಂದು ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನ ನೆರೆದಿದ್ದರು. ಆ ಕಾಲದ ಧ್ವನಿವರ್ಧಕಗಳು ದುರ್ಬಲ; ಜನರ ಕಿರುಚಾಟ ಪ್ರಬಲ. ಹಾಡುವವರಿಗೆ ತಮ್ಮ ಹಾಡೇ ಕೇಳಿಸದಂತಾಯಿತು. ಚಪ್ಪಾಳೆ ಹೆಚ್ಚಿದಂತೆ ಕೇಳುವಿಕೆ ಕಡಿಮೆಯಾಯಿತು ಎಂಬುದು ಎಂಥ ವಿಪರ್ಯಾಸ! 1966ರ ಅಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಟಿಕೆಟ್ಟಿನ ಕೊನೆಯ ಕಛೇರಿ ಮಾಡಿ ಅವರು ಊರೂರು ಸುತ್ತುವುದನ್ನೇ ನಿಲ್ಲಿಸಿದರು. ಹಣ ಹರಿದು ಬರುತ್ತಿದ್ದಾಗಲೇ ಹಾಗೆ ಮಾಡಿದರು ಎಂಬುದನ್ನು ಗಮನಿಸಬೇಕು.

ಅಷ್ಟರಲ್ಲಿಯೇ ಪರಿವರ್ತನೆಯ ಬೀಜ ಮೊಳೆತಿತ್ತು. 1965ರಲ್ಲಿ ಪಾಲ್ ರಚಿಸಿದ ‘ಯೆಸ್ಟರ್‌ಡೇ’ ಎಂಬ ಹಾಡಿಗೆ ನಾಲ್ಕು ತಂತಿವಾದ್ಯಗಳ ಶಾಸ್ತ್ರೀಯ ಮೇಳ ಸಾಕೆಂದು ಮಾರ್ಟಿನ್ ಸೂಚಿಸಿದರು. ಪಾಲ್ ಮೊದಲು ಹಿಂಜರಿದನು, ಆಮೇಲೆ ಒಪ್ಪಿದನು. ತಂಡದ ಉಳಿದ ಮೂವರು ಆ ಹಾಡಿನಲ್ಲಿ ನುಡಿಸಿಯೇ ಇಲ್ಲ. ಮರುವರ್ಷದ ‘ಎಲಿನಾರ್ ರಿಗ್ಬಿ’ ಎಂಬ ಹಾಡಿನಲ್ಲಿ ಎಂಟು ತಂತಿವಾದ್ಯಗಳುಂಟು, ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ವಸ್ತುವೂ ಪ್ರೇಮವಲ್ಲ, ಯಾರೂ ಇಲ್ಲದ ವೃದ್ಧೆಯೊಬ್ಬಳ ಒಂಟಿತನ. ಮೂರು ವರ್ಷಗಳ ಹಿಂದೆ ಪ್ರಾಯದ ಹುಡುಗಿಯರಿಗಾಗಿ ಹಾಡುತ್ತಿದ್ದವರು ಯಾರೂ ಕೇಳದ ಜೀವವೊಂದರ ಅಳಲನ್ನು ಕೇಳಿಸಿಕೊಂಡರು. ಇದು ಕೇವಲ ವಾದ್ಯಗಳ ಬದಲಾವಣೆಯಲ್ಲ, ಅಂತಃಕರಣದ ಬದಲಾವಣೆ.

ಭಾರತದ ಸಂಬಂಧವೂ ಇದೇ ಸಮಯದ್ದು. 1965ರಲ್ಲಿ ಒಂದು ಚಲನಚಿತ್ರದ ಚಿತ್ರೀಕರಣದಲ್ಲಿ ಜಾರ್ಜ್ ಹ್ಯಾರಿಸನ್ ಮೊದಲ ಬಾರಿಗೆ ಸಿತಾರನ್ನು ಕಂಡನು. ಆ ವರ್ಷದ ಕೊನೆಗೆ ‘ನಾರ್ವೀಜಿಯನ್ ವುಡ್’ ಎಂಬ ಹಾಡಿನಲ್ಲಿ ಅದನ್ನು ನುಡಿಸಿದನು. ಶಾಸ್ತ್ರ ತಿಳಿಯದೆ ನುಡಿಸಿದ್ದು, ಬಾಲಭಾಷೆಯಂತಿದೆ. ಆದರೆ ಅವನು ಅಷ್ಟಕ್ಕೇ ತೃಪ್ತನಾಗದೆ 1966ರಲ್ಲಿ ಪಂಡಿತ ರವಿಶಂಕರರನ್ನು ಕಂಡು, ಶಿಷ್ಯನಾಗಿ ಭಾರತಕ್ಕೆ ಬಂದು ಮುಂಬೈಯಲ್ಲಿಯೂ ಶ್ರೀನಗರದಲ್ಲಿಯೂ ಪಾಠ ಹೇಳಿಸಿಕೊಂಡನು. 1967ರ ‘ವಿದಿನ್ ಯು ವಿದೌಟ್ ಯು’ ಎಂಬ ಹಾಡಿನಲ್ಲಿ ದಿಲ್‌ರುಬಾ, ತಬಲಾ, ತಂಬೂರಿ, ಸ್ವರಮಂಡಲಗಳಿವೆ. ಸ್ವರಗಳ ಚೌಕಟ್ಟು ಖಮಾಜ್ ಥಾಟಿನದು. ಅದನ್ನು ನುಡಿಸಿದವರಲ್ಲಿ ಲಂಡನ್ನಿನಲ್ಲಿದ್ದ ಭಾರತೀಯ ವಾದಕರಿದ್ದರು. ತಂಡದ ಬೇರಾರೂ ಅದರಲ್ಲಿಲ್ಲ.

ಜಾನ್ ಲೆನನ್ 1966ರಲ್ಲಿ ರಚಿಸಿದ ‘ಟುಮಾರೋ ನೆವರ್ ನೋಸ್’ ಎಂಬ ಹಾಡು ಇದಕ್ಕಿಂತಲೂ ವಿಚಿತ್ರವಾದುದು. ಪಾಶ್ಚಾತ್ಯ ಹಾಡುಗಳಲ್ಲಿ ಸ್ವರಮೇಳಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿರುತ್ತವೆ. ಈ ಹಾಡಾದರೋ ಬಹುಮಟ್ಟಿಗೆ ಒಂದೇ ಆಧಾರಶ್ರುತಿಯ ಮೇಲೆ ನಿಂತಿದೆ. ಟೇಪಿನ ತುಂಡುಗಳನ್ನು ಬಳೆಯಂತೆ ಜೋಡಿಸಿ, ತಿರುಗಿಸಿ, ಹಿಂದುಮುಂದಾಗಿ ಓಡಿಸಿ ಅದರೊಳಗೆ ಬೆರೆಸಿದ್ದಾರೆ. ಹುಡುಗ ಅದನ್ನು ಕೇಳಿಸಿದ ಸಂಜೆ, ಮಗನನ್ನು ಕರೆದೊಯ್ಯಲು ಬಂದಿದ್ದ ತಂದೆ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಬರಲೊಲ್ಲರು, ಎದ್ದು ಹೋಗಲೂ ಒಲ್ಲರು. ಇದ್ದಕ್ಕಿದ್ದಂತೆ ಅಲ್ಲಿಂದಲೇ, “ಅದು ತಂಬೂರಿ ಅಲ್ಲೇನ್ರಿ, ಗುರುಗಳ?” ಎಂದರು. ಹೌದು, ತಂಬೂರಿಯೇ. ಮಗ ತಂದೆಯ ಕಡೆಗೆ ನೋಡಿದನು. ಎರಡು ತಿಂಗಳಲ್ಲಿ ಅವರಿಬ್ಬರಿಗೂ ಸಮಾನವಾಗಿ ತಿಳಿದ ಮೊದಲ ಸಂಗತಿ ಅದೊಂದೇ ಇರಬೇಕು.

ಊರು ಸುತ್ತುವುದನ್ನು ಬಿಟ್ಟಮೇಲೆ ಸ್ಟುಡಿಯೋ ಎಂಬುದೇ ಅವರಿಗೆ ಸಾಧನಾಸ್ಥಾನವಾಯಿತು. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಹಾಡನ್ನು ಎರಡು ಬಗೆಯಲ್ಲಿ ಮುದ್ರಿಸಿದ್ದರು. ಒಂದರ ಶ್ರುತಿ ಬೇರೆ, ಇನ್ನೊಂದರ ಶ್ರುತಿ ಬೇರೆ, ಲಯವೂ ಬೇರೆ. ಜಾನ್‌ಗೆ ಎರಡೂ ಬೇಕು! ಮಾರ್ಟಿನ್ ಮತ್ತು ಅವರ ತಂತ್ರಜ್ಞರು ಟೇಪುಗಳ ವೇಗವನ್ನು ಹೊಂದಿಸಿ ಎರಡನ್ನೂ ಒಂದಾಗಿ ಬೆಸೆದರು. 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿಗೆ ಸುಮಾರು 700 ಗಂಟೆಗಳ ದುಡಿಮೆ ಹಿಡಿಯಿತೆಂದು ಹೇಳುತ್ತಾರೆ. ಅದರ ಕೊನೆಯ ಹಾಡಿಗೆ 40 ವಾದಕರ ಮೇಳವನ್ನು ಕರೆಸಿದ್ದರು. ಒಂದು ದಿನದಲ್ಲಿ ಹತ್ತು ಹಾಡು ಮುಗಿಸಿದವರೇ ನಾಲ್ಕು ವರ್ಷಗಳ ತರುವಾಯ ಒಂದೊಂದು ಹಾಡಿಗೆ ವಾರಗಟ್ಟಲೆ ಕುಳಿತರು ಎಂಬಲ್ಲಿ ಚಾಂಚಲ್ಯ ಕಾಣುವುದೋ, ಏಕಾಗ್ರತೆ ಕಾಣುವುದೋ ಓದುಗರೇ ಹೇಳಲಿ.

1968ರ ಫೆಬ್ರವರಿಯಲ್ಲಿ ನಾಲ್ವರೂ ಋಷಿಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಧ್ಯಾನ ಕಲಿತರು. ಒಬ್ಬೊಬ್ಬರಾಗಿ ಹಿಂದಿರುಗಿದರು, ಕೊನೆಗೆ ಉಳಿದವರು ಮನಸ್ತಾಪದಿಂದ ಹೊರಟರೆಂಬುದೂ ಸತ್ಯ. ಆದರೆ ಸ್ಟುಡಿಯೋದ ಯಂತ್ರಗಳಿಲ್ಲದ ಆ ಗಂಗಾತೀರದಲ್ಲಿ ಬರಿಯ ಗಿಟಾರು ಹಿಡಿದು ಹತ್ತಾರು ಹಾಡುಗಳನ್ನು ಕಟ್ಟಿದರು. ಆ ವರ್ಷದ ನವೆಂಬರಿನಲ್ಲಿ ಬಂದ, ಬಿಳಿಯ ಹೊದಿಕೆಯ ಆಲ್ಬಮ್ಮಿನಲ್ಲಿ 30 ಹಾಡುಗಳಿದ್ದು, ಅವುಗಳಲ್ಲಿ ಬಹಳಷ್ಟು ಅಲ್ಲಿಯವೇ. ಆಡಂಬರದಿಂದ ಮತ್ತೆ ಸರಳತೆಗೆ ಮರಳಿದರು. ಅದೇ ಕಾಲಕ್ಕೆ ಜಾರ್ಜ್ ಒಂದು ವಿವೇಕದ ನಿರ್ಣಯ ಮಾಡಿದನು. ಸಿತಾರ್ ಇಡೀ ಜೀವಮಾನವನ್ನು ಬೇಡುವ ವಾದ್ಯ, ತಾನು ಅದರಲ್ಲಿ ಪಂಡಿತನಾಗಲಾರೆನೆಂದು ಅರಿತು ತನ್ನ ಗಿಟಾರಿಗೆ ಹಿಂದಿರುಗಿದನು. ಆದರೆ ಗುರುವನ್ನು ಬಿಡಲಿಲ್ಲ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಸಂಕಟ ಕಂಡು ರವಿಶಂಕರರು ನೊಂದಾಗ, ಜಾರ್ಜ್ ಮುಂದೆ ನಿಂತು ಅಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಸಹಾಯಾರ್ಥ ಕಛೇರಿಗಳನ್ನು ಏರ್ಪಡಿಸಿದನು. ಅಲ್ಲಿ ವಾದಕರು ಶ್ರುತಿ ಕೂಡಿಸುತ್ತಿದ್ದುದನ್ನೇ ಹಾಡೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು. ಶ್ರುತಿ ಸೇರಿಸಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತೆಂದು ರವಿಶಂಕರರು ನಗುತ್ತ ಹೇಳಿದರಂತೆ. ಸಂಗೀತವು ದಾಸೋಹವಾಗಿ ಮಾರ್ಪಟ್ಟ ಪ್ರಸಂಗವಿದು.

ಈ ಕಥೆಯಲ್ಲಿ ಹುಳುಕಿಲ್ಲವೆಂದು ನಾವು ಹೇಳುವುದಿಲ್ಲ. ಹೇಳಿದರೆ ತಂದೆತಾಯಂದಿರಿಗೆ ವಂಚನೆ ಮಾಡಿದಂತಾದೀತು. ಅವರು ಮಾದಕ ದ್ರವ್ಯಗಳಿಗೆ ಒಳಗಾಗಿದ್ದರು. ನಮ್ಮ ಸಂಗೀತವನ್ನು ಅಮಲಿನೊಂದಿಗೆ ಬೆರೆಸುವುದನ್ನು ರವಿಶಂಕರರು ಬಹಿರಂಗವಾಗಿಯೇ ಖಂಡಿಸಿದರು. ಜಾರ್ಜ್ ಸ್ವತಃ 1967ರ ಅಗಸ್ಟ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಬಡಾವಣೆಯಲ್ಲಿ ಅಮಲಿನಲ್ಲಿ ಬಿದ್ದಿದ್ದ ತರುಣರನ್ನು ಕಂಡು ಹೇಸಿ ಎಲ್‌ಎಸ್‌ಡಿ ಎಂಬ ದ್ರವ್ಯವನ್ನು ತೊರೆದನು. ಅಮಲಿನಿಂದ ಹಾಡು ಹುಟ್ಟುವುದಾದರೆ ಜಗತ್ತಿನ ಪ್ರತಿ ಸಾರಾಯಿ ಅಂಗಡಿಯೂ ಸಂಗೀತ ಶಾಲೆಯಾಗಬೇಕಿತ್ತು. ಹಾಡು ಹುಟ್ಟಿದ್ದು ಹ್ಯಾಂಬರ್ಗಿನ ದುಡಿಮೆಯಿಂದ, ಸ್ಟುಡಿಯೋದ 700 ಗಂಟೆಗಳಿಂದ.

ಎರಡನೆಯ ಹುಳುಕು ಅಹಂಕಾರ ಮತ್ತು ಹಣ. ತಂಡವನ್ನು ಪೋಷಿಸಿದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನ್ 1967ರ ಅಗಸ್ಟ್ 27ರಂದು ತೀರಿಕೊಂಡ ಮೇಲೆ ಮನೆಗೆ ಹಿರಿಯರಿಲ್ಲದಂತಾಯಿತು. 1968ರಲ್ಲಿ ರಿಂಗೋ ಬೇಸತ್ತು ಕೆಲದಿನ ತಂಡ ಬಿಟ್ಟು ಹೋದನು. ಮರಳಿ ಬಂದಾಗ ಅವನ ಡ್ರಮ್ಸಿಗೆಲ್ಲ ಹೂವಿನ ಅಲಂಕಾರ ಮಾಡಿಸಿ ಸ್ವಾಗತಿಸಿದರು. 1969ರ ಜನವರಿಯಲ್ಲಿ ಜಾರ್ಜ್ ಕೆಲದಿನ ಹೊರಟುಹೋದನು. ಅವನು ಬಂದಮೇಲೆ ಬಿಲಿ ಪ್ರೆಸ್ಟನ್ ಎಂಬ ಅತಿಥಿ ವಾದಕನನ್ನು ಕರೆತಂದನು. ಹೊರಗಿನವನೊಬ್ಬ ಇದ್ದಾನೆಂದು ಎಲ್ಲರೂ ಸೌಜನ್ಯದಿಂದ ನಡೆದುಕೊಂಡರಂತೆ. ಜಗಳವಾಡುತ್ತಿದ್ದ ಮನೆಯಲ್ಲಿ ಬೀಗರು ಬಂದಾಗ ದನಿ ತಗ್ಗುವುದಿಲ್ಲವೇ? ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ.

ಆದರೂ ಆ ಒಡಕಿನ ನಡುವೆಯೇ, ಮೊದಲಿನಂತೆ ಕೂಡಿ ದುಡಿಯೋಣವೆಂದು ಮಾರ್ಟಿನ್ ಅವರೊಡನೆ ಮತ್ತೆ ಕುಳಿತರು. 1969ರ ಸೆಪ್ಟೆಂಬರಿನಲ್ಲಿ ಬಂದ ‘ಅಬ್ಬೀ ರೋಡ್’ ಆಲ್ಬಮ್ ಅದರ ಫಲ. ಅದರಲ್ಲಿ ಒಂದು ಹಾಡನ್ನು ಮೂವರು ಕೂಡಿ ಮೂರು ಸಲ ಹಾಡಿ, ಒಂಬತ್ತು ಕಂಠಗಳಾಗಿ ಬೆಸೆದಿದ್ದಾರೆ. ಮಾತನಾಡದ ಮೂವರು ಅಷ್ಟು ಹದವಾಗಿ ಕೂಡಿ ಹಾಡಿದ್ದು ಹೇಗೆ? ಇನ್ನೊಂದರಲ್ಲಿ ಮೂವರೂ ಸರದಿಯಂತೆ ಗಿಟಾರ್ ನುಡಿಸಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾರೆ. ಮರುವರ್ಷ, 1970ರ ಏಪ್ರಿಲಿನಲ್ಲಿ, ತಂಡ ಮುರಿಯಿತು. ಡಿಸೆಂಬರ್ 31ರಂದು ಪಾಲ್ ನ್ಯಾಯಾಲಯದ ಮೆಟ್ಟಿಲೇರಿದನು. ತಂಡ ಮುರಿದಾಗ ನಾಲ್ವರಲ್ಲಿ ಯಾರಿಗೂ ಮೂವತ್ತು ತುಂಬಿರಲಿಲ್ಲ ಎಂದು ಹುಡುಗ ಹೇಳಿದಾಗ ನಾವು ಬೆರಗಾದೆವು.

ಕೊನೆಯ ಆಲ್ಬಮ್ಮಿನ ಒಂದು ಪ್ರಸಂಗ ಇಲ್ಲಿ ಉಲ್ಲೇಖನೀಯವಾದುದು. ಪಾಲ್ ಪಿಯಾನೋ ನುಡಿಸುತ್ತ ಸರಳವಾಗಿ ಹಾಡಿದ್ದ ಹಾಡೊಂದಕ್ಕೆ, ಅವನನ್ನು ಕೇಳದೆಯೇ, ಬೇರೊಬ್ಬ ನಿರ್ಮಾಪಕರು ದೊಡ್ಡ ವಾದ್ಯಮೇಳವನ್ನೂ ಗಾಯಕರ ವೃಂದವನ್ನೂ ಸೇರಿಸಿದರು. ಪಾಲ್ ಬಹಳ ನೊಂದನು. 2003ರಲ್ಲಿ ಆ ಅಲಂಕಾರಗಳಿಲ್ಲದ ರೂಪದಲ್ಲಿ ಆಲ್ಬಮ್ ಮತ್ತೆ ಹೊರಬಂದಿತು. ಎಂಟು ವರ್ಷ ತಾನೇ ತನ್ನ ಧಾಟಿಯನ್ನು ಬದಲಿಸಿಕೊಂಡವನು ಪರರು ಹೇರಿದ ಒಂದು ಬದಲಾವಣೆಯನ್ನು ಸಹಿಸಲಿಲ್ಲ. ಒಳಗಿನಿಂದ ಮೂಡುವ ಪರಿವರ್ತನೆ ಬೆಳವಣಿಗೆ. ಹೊರಗಿನಿಂದ ಹೇರುವುದು ಬರಿಯ ಅಲಂಕಾರ, ಕೆಲವೊಮ್ಮೆ ಗಾಯ. ಹೆತ್ತವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಈಗ ತಂದೆಯ ಪ್ರಶ್ನೆಗೆ ಬರೋಣ. ಧಾಟಿ ಬದಲಾದರೆ ನಿಷ್ಠೆ ಕೆಡುವುದೇ? ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಿ ಒಂದೇ. ಅದು ಭಕ್ತನಲ್ಲಿ ಶ್ರದ್ಧೆಯಾಗಿ, ಮಹೇಶನಲ್ಲಿ ನಿಷ್ಠೆಯಾಗಿ, ಪ್ರಸಾದಿಯಲ್ಲಿ ಅವಧಾನವಾಗಿ, ಪ್ರಾಣಲಿಂಗಿಯಲ್ಲಿ ಅನುಭಾವವಾಗಿ, ಶರಣನಲ್ಲಿ ಆನಂದವಾಗಿ, ಐಕ್ಯನಲ್ಲಿ ಸಮರಸವಾಗಿ ಪಕ್ವಗೊಳ್ಳುತ್ತದೆ. ನಿಷ್ಠೆ ಎರಡನೆಯ ಮೆಟ್ಟಿಲು, ಕೊನೆಯದಲ್ಲ. ಅಲ್ಲಿಯೇ ನಿಂತುಬಿಟ್ಟರೆ ಅದು ಹಟವಾಗುತ್ತದೆ. ಆ ನಾಲ್ವರು ಷಟ್‌ಸ್ಥಲ ಮಾರ್ಗದಲ್ಲಿ ನಡೆದರೆಂದು ನಾವು ಹೇಳುತ್ತಿಲ್ಲ. ಸಮರಸವೇ ಅವರಿಗೆ ಕೊನೆಗೆ ದಕ್ಕಲಿಲ್ಲ. ಆದರೆ ಒಂದೇ ವಸ್ತು ಅವಸ್ಥಾಭೇದದಿಂದ ಬೇರೆ ಬೇರೆಯಾಗಿ ಕಾಣಬಹುದೆಂಬುದು ನಮ್ಮವರಿಗೆ ಹೊಸ ಮಾತಲ್ಲ.

ನಮ್ಮ ನಾಡಿನ ಸಂಗೀತಗಾರರನ್ನೇ ನೋಡಿರಿ. 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಜನಿಸಿದ ಡಾ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕದ ಕಂಪನಿಯಲ್ಲಿ ಹಾಡಿದರು. ಮೊದಲು ಕಲಿತದ್ದು ಕರ್ನಾಟಕ ಸಂಗೀತ. ಅನಂತರ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆ. ಆಮೇಲೆ ಮಂಜಿಖಾನ್ ಮತ್ತು ಭೂರ್ಜಿಖಾನ್ ಸೋದರರಲ್ಲಿ ಜೈಪುರ-ಅತ್ರೌಲಿ ಘರಾಣೆ. ಅವರು ವಚನ ಹಾಡಿದಾಗ ಇವೆಲ್ಲವೂ ಕರಗಿ ಒಂದಾಗಿ ಕೇಳುತ್ತಿದ್ದವು. ಗದುಗಿನ ಪಂಚಾಕ್ಷರಿ ಗವಾಯಿಗಳು ದಕ್ಷಿಣಾದಿ, ಉತ್ತರಾದಿ ಎರಡರಲ್ಲಿಯೂ ಪ್ರಭುತ್ವ ಪಡೆದವರು. ಇವರ ನಿಷ್ಠೆಯನ್ನು ಸಂದೇಹಿಸುವವರಾರು?

ಇನ್ನು ವಾದ್ಯ ಪರದೇಶದ್ದೆಂಬ ಆಕ್ಷೇಪ. ನಾವು ತಂದೆಯನ್ನು ಕೇಳಿದೆವು: ನಿಮ್ಮ ಮಗ ಚಿಕ್ಕವನಿದ್ದಾಗ ವಚನ ಹಾಡಿದ ಹಾರ್ಮೋನಿಯಂ ಎಲ್ಲಿಯದು? ಅದೂ 19ನೆಯ ಶತಮಾನದಲ್ಲಿ ಯುರೋಪಿನಿಂದ ಬಂದುದೇ. ನಮ್ಮ ಶ್ರುತಿಸೂಕ್ಷ್ಮಗಳಿಗೆ ಹೊಂದದೆಂದು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು. ಮೂರು ದಶಕಗಳ ತರುವಾಯವೇ ಆ ನಿಷೇಧ ಸಡಿಲವಾಯಿತು. ಇಂದು ಅದಿಲ್ಲದೆ ನಮ್ಮ ಭಜನೆ ಏಳುವುದಿಲ್ಲ. ನೆಂಟನಾಗಿ ಬಂದದ್ದು ಮನೆಯ ಮಗನಾಯಿತು.

ಮಗನಿಗೂ ಕೆಲವು ಮಾತು ಹೇಳಿದೆವು. ಬೇಸರದಿಂದ ಬದಲಿಸುವುದು ಬೇರೆ, ಒಂದನ್ನು ಅರಗಿಸಿಕೊಂಡು ಮುಂದೆ ಹೋಗುವುದು ಬೇರೆ. ನಿನ್ನ ಹ್ಯಾಂಬರ್ಗ್ ಮುಗಿದಿದೆಯೇ? ಗಂಟೆಗಟ್ಟಲೆ ದುಡಿದಿರುವೆಯಾ? ವಚನವನ್ನು ಗಿಟಾರಿನೊಂದಿಗೆ ಹಾಡುವುದಾದರೆ ಮೊದಲು ಅದರ ಅರ್ಥ ನಿನ್ನಲ್ಲಿ ಇಳಿಯಲಿ. ವಚನದಲ್ಲಿ ನುಡಿಯೇ ಪ್ರಧಾನ, ವಾದ್ಯ ಅದನ್ನು ಎತ್ತಿ ಹಿಡಿಯಬೇಕೇ ಹೊರತು ಮುಚ್ಚಬಾರದು. ಹಾಡುವವನಿಗೇ ತನ್ನ ಹಾಡು ಕೇಳಿಸದಷ್ಟು ಗದ್ದಲವಾದ ದಿನ, ಆ ನಾಲ್ವರಂತೆ ನೀನೂ ನಿಲ್ಲಿಸುವ ಧೈರ್ಯ ಮಾಡು. ಅಮಲಿನ ಗೆಳೆತನ ಬೇಡ. ಹುಡುಗ ಒಪ್ಪಿದನು. ತಂದೆ ಏನೂ ಹೇಳಲಿಲ್ಲ. ಮರುದಿನ ಅಟ್ಟದ ಕೋಣೆಯ ಬೀಗ ತೆಗೆದರೆಂದು ಆ ತಾಯಿ ಫೋನು ಮಾಡಿ ತಿಳಿಸಿದರು. ಮುಂದಿನ ಶ್ರಾವಣದಲ್ಲಿ ಏನಾಗುವುದೋ ಬಲ್ಲವರಾರು? ಸದ್ಯಕ್ಕೆ ಅಷ್ಟು ಸಾಕು.

ಇನ್ನು ನಮ್ಮ ಹಳೆಯ ಋಣ. ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾವು ಒಂದು ಪ್ರಸಾದ ನಿಲಯದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆವು. ಬಡ ರೈತನ ಮಗನೊಬ್ಬ ಸಂಜೆಯ ಪ್ರಾರ್ಥನೆಯಲ್ಲಿ ವಚನ ಹಾಡುತ್ತಿದ್ದ. ಅಂಥ ಕಂಠವನ್ನು ಆಮೇಲೆ ನಾವು ಕೇಳಿಲ್ಲ. ಒಂದು ರಾತ್ರಿ ಅವನು ಗೆಳೆಯನ ಟೇಪ್ ರೆಕಾರ್ಡರಿನಲ್ಲಿ ಇಂಗ್ಲಿಷ್ ಹಾಡು ಕೇಳುತ್ತ ಮೆಲ್ಲನೆ ದನಿಗೂಡಿಸುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ಎಲ್ಲರೆದುರು ಗದರಿದೆವು, ಕ್ಯಾಸೆಟ್ಟುಗಳನ್ನು ಕಸಿದುಕೊಂಡೆವು, ಈ ನಾಲಗೆಯಿಂದ ಇನ್ನು ವಚನ ನುಡಿಯಬೇಡವೆಂಬ ಕಠೋರ ಮಾತನ್ನೂ ಆಡಿದೆವು. ಅವನು ಎದುರು ಮಾತನಾಡಲಿಲ್ಲ. ಮರುದಿನದಿಂದ ಪ್ರಾರ್ಥನೆಯಲ್ಲಿ ತುಟಿ ಮಾತ್ರ ಅಲುಗುತ್ತಿತ್ತು. ಆ ಮೇಲೆ ಅವನು ಎಂದೂ ಹಾಡಲಿಲ್ಲ. ಇಂದು ದೂರದ ನಗರದಲ್ಲಿ ದೊಡ್ಡ ನೌಕರಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬಂದು, ಪಾದ ಮುಟ್ಟಿ, ಹಣ್ಣು ಇಟ್ಟು, ಕುಶಲ ಕೇಳಿ ಹೋಗುತ್ತಾರೆ. ನಮ್ಮನ್ನು ದೂರಿದವರಲ್ಲ. ದೂರಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ನಿಷ್ಠೆಯನ್ನು ಕಾಯುತ್ತಿದ್ದೇವೆಂಬ ಭ್ರಮೆಯಲ್ಲಿ ನಾವು ಒಂದು ಹಾಡನ್ನೇ ನಿಲ್ಲಿಸಿದೆವು.

ಜಾನ್ ಲೆನನ್ 1980ರ ಡಿಸೆಂಬರ್ 8ರಂದು ಹತ್ಯೆಗೀಡಾದನು. ಜಾರ್ಜ್ 2001ರಲ್ಲಿ ತೀರಿಕೊಂಡನು. ಜಾನ್ 1970ರ ದಶಕದ ಕೊನೆಗೆ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಒಂದು ಹಾಡು ಪಿಯಾನೋದ ಸದ್ದಿನಲ್ಲಿ ಹೂತುಹೋಗಿತ್ತು. ಹೊಸ ಗಣಕ ತಂತ್ರದಿಂದ ಆ ಕಂಠವನ್ನು ಬಿಡಿಸಿ ತೆಗೆದು, 1995ರಲ್ಲಿ ಜಾರ್ಜ್ ನುಡಿಸಿಟ್ಟಿದ್ದ ಗಿಟಾರನ್ನೂ ಕೂಡಿಸಿ, ಪಾಲ್ ಮತ್ತು ರಿಂಗೋ 2023ರ ನವೆಂಬರಿನಲ್ಲಿ ಅದನ್ನು ಲೋಕಕ್ಕೆ ಕೊಟ್ಟರು. ನ್ಯಾಯಾಲಯ ಹತ್ತಿದವರು ಐವತ್ತು ವರ್ಷ ಕಳೆದ ಮೇಲೂ ಅಗಲಿದ ಗೆಳೆಯನ ದನಿಯನ್ನು ಹುಡುಕಿ ತೆಗೆದರು. ಕಡೆಯ ಸಂಜೆ ಹುಡುಗ ಆ ಹಾಡನ್ನು ಕೇಳಿಸಿದಾಗ ನಮಗೆ ಪ್ರಸಾದ ನಿಲಯದ ಆ ದನಿ ನೆನಪಾಯಿತು. ನಮ್ಮ ಆ ಶಿಷ್ಯರು ಬದುಕಿದ್ದಾರೆ; ಕಂಠವೂ ಇದ್ದೇ ಇರಬೇಕು.

ಈ ಪತ್ರಿಕೆ ಅವರ ಮನೆಗೂ ತಲುಪುತ್ತದೆಂದು ನಾವು ಬಲ್ಲೆವು. ಅಪ್ಪಾ, ಅಂದು ನಾವು ಆಡಿದ ಮಾತು ತಪ್ಪು. ಅದನ್ನು ಎಲ್ಲರೆದುರು ಆಡಿದ್ದೆವು, ಆದುದರಿಂದ ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಈ ವರ್ಷ ಬರುವಾಗ ಹಣ್ಣು ತರಬೇಡಿರಿ. ಕುಳಿತು ಒಂದು ಹಾಡು ಹೇಳಿರಿ. ಯಾವ ಧಾಟಿ ಎಂಬುದು ನಿಮಗೆ ಬಿಟ್ಟದ್ದು.

ಶರಣು ಶರಣಾರ್ಥಿ.